ಎಡಗೈ ಮದರಂಗಿ

ಮುಂಬೈಗೆ ಬಂದ ಹೊಸದರಲ್ಲಿ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಒಂದು ವಿಚಿತ್ರ ಕಂಡೆ. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ನೂಕುನುಗ್ಗಲಿನಲ್ಲಿ ಬಸುರಿಗೂ ಮೊಣಕೈ ತಿವಿತ ತಪ್ಪುವುದಿಲ್ಲ. ಅಂಥದರಲ್ಲಿ ಒಬ್ಬ ಹುಡುಗಿ ಎರಡೂ ಕೈ ಮೇಲೆತ್ತಿಕೊಂಡು, ಪೊಲೀಸರಿಗೆ ಸಿಕ್ಕಿಬಿದ್ದವಳಂತೆ ಬಂದಳು. ಕೈತುಂಬ ಹಸಿ ಮೆಹಂದಿ. ಬಾಗಿಲಲ್ಲಿದ್ದವರೆಲ್ಲ ಸರಿದು ದಾರಿ ಬಿಟ್ಟರು. ಒಬ್ಬಾಕೆ ಅವಳ ಸೊಂಟ ಹಿಡಿದು ನಿಲ್ಲಿಸಿದಳು, ಇನ್ನೊಬ್ಬಾಕೆ ಅವಳ ಬ್ಯಾಗಿನಿಂದ ಫೋನು ತೆಗೆದು ಕಿವಿಗೆ ಹಿಡಿದಳು. ಈ ಊರಲ್ಲಿ ಮನುಷ್ಯರಿಗಿಲ್ಲದ ಮರ್ಯಾದೆ ಮದರಂಗಿಗಿದೆ ಎಂದು ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಅವರು ಸೆಂಟ್ರಿಂಗ್ ಕೆಲಸದವರು. ಕಾಂಕ್ರೀಟು ಸುರಿಯುವ ಮುಂಚೆ ಅದಕ್ಕೆ ಹಲಗೆ, ಕಂಬ ಕಟ್ಟುವ ಕೆಲಸ. ಬಾಗಲಕೋಟೆ ಕಡೆಯಿಂದ ನಮ್ಮೂರ ಗಂಡಸರು ಅನೇಕರು ಇದಕ್ಕೇ ಬಂದಿದ್ದಾರೆ. ಮುಂದಿನ ಮಳೆಗಾಲದಲ್ಲಿ ನೆನೆದ ಹಲಗೆಯೊಂದು ಜಾರಿತು. ಅವರನ್ನು ಊರಿಗೆ ಒಯ್ದು ಮಣ್ಣು ಮಾಡಿದೆವು. ಊರಲ್ಲೇ ಉಳಿ ಎಂದರು ಎಲ್ಲರೂ. ಉಳಿದು ಮಾಡುವುದೇನು? ಬೆಳಿಗ್ಗೆ ಎದುರು ಬಂದವರು ನನ್ನನ್ನು ಕಂಡು ದಾರಿ ಬದಲಿಸುವುದನ್ನು ನೋಡುತ್ತ ಕೂರುವುದೇ? ಸಿಟ್ಟು ಬಂತು. ಮುಂಬೈಯ ಚಾಳ್‌ಗೆ, ಸಾಲುಮನೆಗಳ ನಡುವಿನ ನಮ್ಮ ಒಂದೇ ಖೋಲಿಗೆ, ವಾಪಸ್ ಬಂದುಬಿಟ್ಟೆ.

ಪಕ್ಕದ ಖೋಲಿಯ ರುಖ್ಸಾನಾ ಆಪಾ ಮೆಹಂದಿ ಹಾಕುವವರು. ಆಪಾ ಎಂದರೆ ಅಕ್ಕ. ಅವರೇ ನನ್ನ ಕೈಗೆ ಕೋನ್ ಕೊಟ್ಟರು. ನಮ್ಮೂರಲ್ಲಿ ಮದರಂಗಿ ಎಂದರೆ ಬೇಲಿಯಿಂದ ಎಲೆ ಕಿತ್ತು, ಒಂಚೂರು ಹುಣಸೆಹಣ್ಣು ಸೇರಿಸಿ ರುಬ್ಬಿ, ಅಂಗೈಗೊಂದು ದುಂಡು ಬೊಟ್ಟು, ಬೆರಳ ತುದಿಗೆ ಟೋಪಿ. ಅಷ್ಟೇ. ಇಲ್ಲಿ ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ನಿಂಬೆರಸದಲ್ಲಿ ಕಲಸಿ, ನೀಲಗಿರಿ ಎಣ್ಣೆ ಬಿಟ್ಟು, ಬಣ್ಣ ಬಿಡುವವರೆಗೆ ಮುಚ್ಚಿಡಬೇಕು. ಹಾಕಿದ್ದು ಒಣಗುತ್ತ ಬಂದಾಗ ಸಕ್ಕರೆ ಬೆರೆಸಿದ ನಿಂಬೆರಸವನ್ನು ಹತ್ತಿಯಲ್ಲಿ ಮೆಲ್ಲಗೆ ಒತ್ತಬೇಕು, ಇಲ್ಲದಿದ್ದರೆ ಎಳೆ ಎಳೆಯಾಗಿ ಉದುರಿಹೋಗುತ್ತದೆ. ಆಮೇಲೆ ತವೆಯ ಮೇಲೆ ಲವಂಗ ಹುರಿದು ಆ ಹೊಗೆಗೆ ಕೈ ಹಿಡಿಸಬೇಕು. ನೀರು ಮಾತ್ರ ತಾಗಕೂಡದು. ಒಣಗಿದ್ದನ್ನು ಕೆರೆದು ತೆಗೆದು ಎಣ್ಣೆ ಸವರಿಬಿಟ್ಟರೆ ಮರುದಿನಕ್ಕೆ ಕಿತ್ತಳೆ ಬಣ್ಣ ತಾನಾಗಿ ಕಪ್ಪುಗೆಂಪಿಗೆ ತಿರುಗುತ್ತದೆ.

ಕೈಕೆಲಸ ಬೇಗ ಬಂತು. ಕಷ್ಟವಾಗಿದ್ದು ಬೇರೆ. ಮದುವಣಗಿತ್ತಿಯ ಕೈ ಹಿಡಿಯುವವಳು ಮುತ್ತೈದೆಯಾಗಿರಬೇಕು, ಅದು ಅಲ್ಲೂ ಹಾಗೇ, ಇಲ್ಲೂ ಹಾಗೇ. ಆಪಾ ಫುಟ್‌ಪಾತಿನಿಂದ ಒಂದು ಕರಿಮಣಿ ಸರ ತಂದು ನನ್ನ ಕೊರಳಿಗೆ ಹಾಕಿದರು.

"ಕೋಯಿ ಪೂಛೇ ತೋ ಬೋಲ್, ಸೈಟ್ ಪೆ ಹೈ," ಎಂದರು. ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ ಸೈಟಿನಲ್ಲಿ, ಕಟ್ಟಡದ ಕೆಲಸದಲ್ಲಿದ್ದಾರೆ ಎನ್ನಬೇಕು. ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ ಅದನ್ನೇ ಬಾಯಿಪಾಠ ಮಾಡಿದೆ. ಮುಲುಂಡ್‌ನಲ್ಲಿ ಕೇಳಿದರು, ಠಾಣೆಯಲ್ಲಿ ಕೇಳಿದರು. ಸೈಟ್ ಪೆ ಹೈ, ಸೈಟ್ ಪೆ ಹೈ. ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ.

ವರ್ಷದ ಕಾರ್ಯಕ್ಕೆ ಊರಿಗೆ ಹೋದಾಗ ಕರಿಮಣಿ ಬಿಚ್ಚಿಟ್ಟು ಹೋದೆ. ಬೆರಳ ತುದಿಯ ಕೆಂಪನ್ನು ಎಲ್ಲಿ ಬಿಚ್ಚಿಡಲಿ? ಕೋನ್ ಹಿಡಿಯುವವರ ಬೆರಳಿಗೆ ಅದು ಸದಾ ಇರುವಂಥದ್ದು. ನಮ್ಮವ್ವ ನೋಡಿದಳು. "ಕೈ ಸೆರಗಿನಾಗ ಇಟ್ಕೋಳವ್ವಾ, ಮಂದಿ ನೋಡ್ತಾರ," ಎಂದಳು. ಊಟವನ್ನೂ ಒಳಗೆ ಗೋಡೆಗೆ ಮುಖ ಮಾಡಿ ಕೂತು ಮಾಡಿದೆ.

ಹೀಗಿರುವಾಗ ವಡಾಲದಿಂದ ಕರೆ ಬಂತು. ಉಡುಪಿ ಕಡೆಯವರು, ಹೋಟೆಲ್ ನಡೆಸುವ ಮನೆತನ, ಮಗಳ ಮದುವೆ. "ನೀವು ಕನ್ನಡದವರಂತೆ, ನಮಗೆ ನೀವೇ ಆಗ್ಬೇಕು," ಎಂದರು ತಾಯಿ. ನನಗೆ ಹಬ್ಬವೇ ಬಂದಂತಾಯಿತು. ಇಲ್ಲಿ ಕನ್ನಡದ ಮನೆಗಳು ಒಂದಕ್ಕೊಂದು ಹೇಳಿ ಕಳಿಸುತ್ತವೆ, ಒಂದು ಮನೆ ಒಪ್ಪಿದರೆ ಹತ್ತು ಮನೆ ತೆರೆದಂತೆ. ಅದಕ್ಕಿಂತ ಹೆಚ್ಚಾಗಿ, ಒಂದಿಡೀ ದಿನ ನನ್ನ ಮಾತಿನಲ್ಲಿ ಮಾತಾಡಬಹುದಿತ್ತು. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಬಾಯಲ್ಲೇ ಒಂದಿಷ್ಟು ಮಾತು ಜೋಡಿಸಿಕೊಂಡೆ.

ಮದುವಣಗಿತ್ತಿ ಶ್ರೇಯಾ ಬಲಗೈ ಫೋನಿಗೆ ಬೇಕೆಂದಳು, ಎಡಗೈಯಿಂದ ಶುರುಮಾಡಿದೆ. ತಾಯಿ ಪಕ್ಕದಲ್ಲೇ ಕೂತು ಊರು, ಹೊಲ, ರೊಟ್ಟಿ ಎಲ್ಲ ಕೇಳಿದರು. ಬಾಯಿತುಂಬ ಹೇಳಿದೆ. ಮೊಣಕೈಯವರೆಗೆ ಮುಗಿದು ಒಣಗುತ್ತ ಬಂದಿತ್ತು, ನಿಂಬೆ ಸಕ್ಕರೆ ಒತ್ತುತ್ತಿದ್ದೆ.

"ನಿಮ್ಮ ಯಜಮಾನ್ರು ಎಂತ ಮಾಡ್ತಾರೆ?"

"ಸೆಂಟ್ರಿಂಗ್ ಕೆಲ್ಸಾ ಮಾಡ್ತಿದ್ರು ಅಕ್ಕಾರ," ಎಂದೆ.

ಮಾಡ್ತಾರ ಎನ್ನಬೇಕಿತ್ತು. ಮಾಡ್ತಿದ್ರು ಎಂದು ಬಂತು. ಸುಳ್ಳನ್ನು ನಾನು ಕಲಿತಿದ್ದು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಅದನ್ನು ಯಾರ ಮುಂದೂ ಹೇಳಿದ್ದೇ ಇಲ್ಲ.

"ಮಾಡ್ತಿದ್ರಾ? ಈಗ?"

ಈಗ ಬೇರೆ ಕೆಲಸ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ಕಣ್ಣು ತುಂಬಿಬಿಟ್ಟವು.

ಆಕೆ ಬೈಯಲಿಲ್ಲ. ಬೈದಿದ್ದರೆ ನಾಲ್ಕು ಮಾತು ನಾನೂ ಆಡುತ್ತಿದ್ದೆ. "ಬೇಜಾರು ಮಾಡ್ಬೇಡಿ ಮಾರಾಯ್ತಿ. ನಮ್ದು ಮದುವೆ ಮನೆ ಅಲ್ವಾ," ಎಂದು ಮೆತ್ತಗೆ ಹೇಳಿ ಮಗಳ ರಟ್ಟೆ ಹಿಡಿದು ಎಬ್ಬಿಸಿದರು.

"ಮಮ್ಮಿ, ಅವ್ರು ಅಚ್ಛಾ ಹಾಕಿದ್ದಾರೆ ನಾ..." ಎಂದಳು ಶ್ರೇಯಾ. ಆದರೂ ಎದ್ದು ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದು, ಸೋಪಿನ ವಾಸನೆ. ನಾನು ಕೋನುಗಳನ್ನು ಡಬ್ಬಿಗೆ ತುಂಬಿಕೊಂಡೆ. ಬಾಗಿಲವರೆಗೆ ಬಂದ ತಾಯಿ ನನ್ನ ಕೈಗೆ ಲಾಡಿನ ಪೊಟ್ಟಣ ಕೊಟ್ಟರು. ಕುಂಕುಮ ಕೊಡಲಿಲ್ಲ. ಕುರ್ಲಾದ ಸೇತುವೆಯ ಮೇಲೆ ನಿಂತು ಅತ್ತೆ. ನಮ್ಮ ಮನೆಯವರು ತೀರಿಕೊಂಡಾಗಲೂ ಅಷ್ಟು ಅತ್ತಿರಲಿಲ್ಲ. ಕನ್ನಡದ ಮನೆಗಳಿಂದ ಆಮೇಲೆ ಒಂದು ಕರೆಯೂ ಬರಲಿಲ್ಲ.

ಮದುವೆ ಮುಗಿದ ಮೇಲೆ ಶ್ರೇಯಾಳೇ ಫೋನ್ ಮಾಡಿದಳು.

"ಆಂಟಿ, ಲೆಫ್ಟ್ ಹ್ಯಾಂಡ್ ಕಲರ್ ಹೋಗ್ಲೇ ಇಲ್ಲ. ಮಮ್ಮಿ ಎಷ್ಟು ಸೋಪ್ ಹಾಕಿದ್ರು ಗೊತ್ತಾ? ನೆಕ್ಸ್ಟ್ ಡೇ ಇನ್ನೂ ಡಾರ್ಕ್ ಆಯ್ತು. ಹಾಗೇ ಧಾರೆಗೆ ಕೂತೆ."

ನೀರು ತಾಗುವಷ್ಟರಲ್ಲಿ ಚರ್ಮ ಬಣ್ಣ ಕುಡಿದಾಗಿತ್ತು.

"ನನ್ನ ಕಸಿನ್ ಮದುವೆ ಉಂಟು. ನೀವು ಬನ್ನಿ ಪ್ಲೀಸ್. ಮೆಹಂದಿಗೆ ಮಮ್ಮಿ ಬರಲ್ಲ, ನಾನೂ ಯಾರಿಗೂ ಹೇಳಲ್ಲ."

"ಬರ್ತೀನವ್ವಾ. ಆದ್ರ ಅಲ್ಲಿ ನನ್ ಜೋಡಿ ಕನ್ನಡ ಮಾತಾಡಬ್ಯಾಡ."

"ಯಾಕೆ ಆಂಟಿ?"

ದಿನ, ವಿಳಾಸ ಕೇಳಿ ಬರೆದುಕೊಂಡೆ.

ಹೋದೆ. ಆ ಕಸಿನ್ ಹುಡುಗಿಯ ಎರಡೂ ಕೈ ಮುಗಿಸಿದೆ. ಸೋಫಾದ ಮೇಲೆ ಕೂತಿದ್ದ ಅವಳ ಅಜ್ಜಿ, "ಎಷ್ಟು ಚಂದ ಹಾಕ್ತಾಳೆ ನೋಡು, ಕೈ ಮಾತ್ರ ಸೋತ ಹಾಗೆ ಕಾಣ್ತದೆ, ಒಂದು ಲೋಟ ಚಾ ಕೊಡಿ ಅವಳಿಗೆ," ಎಂದರು. ಊರು ಬಿಟ್ಟ ಮೇಲೆ ಅಂಥ ಮಾತು ಕೇಳಿರಲಿಲ್ಲ. ಅರ್ಥವಾಗದವಳಂತೆ ತಲೆ ತಗ್ಗಿಸಿದೆ. ಅಜ್ಜಿ ನನಗಾಗಿ ತಮ್ಮ ಹರಕು ಹಿಂದಿಯಲ್ಲಿ ಕೇಳಿದರು, ಗಂಡ ಎಲ್ಲಿ ಅಂತ.

"ಸೈಟ್ ಪೆ ಹೈ," ಎಂದೆ.