ಅಂಗಡಿಯಲ್ಲಿ ಮಾತ್ರ ಬರೆದ ಪೆನ್ನು

ಕಸೂತಿಗೆ ನಕ್ಷೆ ಬರೆಯುವ ದೊಡ್ಡಮ್ಮನದು ಇಪ್ಪತ್ತೆಂಟು ವರ್ಷಗಳಿಂದ ಒಂದೇ ಪದ್ಧತಿ. ಪೆನ್ಸಿಲು ಕೊಳ್ಳುವಾಗ ಅಂಗಡಿಯವನ ರದ್ದಿ ಕಾಗದದ ಮೇಲೆ ಒಂದು ಬಳ್ಳಿ ಎಳೆಯುವುದು, ಗೆರೆ ಸರಿ ಬಂದರೆ ಚೀಲಕ್ಕೆ ಹಾಕಿಕೊಂಡು ಹೊರಡುವುದು. ಅಲ್ಲಿ ಬರೆದದ್ದು ಮನೆಯಲ್ಲಿ ಬರೆಯದೆ ಎಲ್ಲಿಗೆ ಹೋಗುತ್ತದೆ?

ಆ ಪದ್ಧತಿಯೇ ಈ ಸಲ ಕೈಕೊಟ್ಟಿತು.

ಅವಳು ನಕ್ಷೆ ಕೊಡುವ ಹೊಲಿಗೆ ಕಾರ್ಖಾನೆಗೆ ಹೊಸ ಕಸೂತಿ ಯಂತ್ರ ಬಂದಿತ್ತು. ಅಲ್ಲಿಯ ಮಾಸ್ತರ ಖಡಾಖಂಡಿತವಾಗಿ ಹೇಳಿಬಿಟ್ಟ: “ಇನ್ಮೇಲೆ ಕಾಗದ ಬೇಡ, ಫೋಟೋನೂ ಬೇಡಮ್ಮ. ಟ್ಯಾಬಲ್ಲೇ ಗೆರೆ ಎಳೆದು ಕಳಿಸಿ. ಶನಿವಾರದೊಳಗೆ ಬರಲಿಲ್ಲ ಅಂದ್ರೆ ಕಂಪ್ಯೂಟರಲ್ಲಿರೋ ರೆಡಿಮೇಡ್ ಡಿಸೈನೇ ಹಾಕ್ತೀವಿ.”

ತಂಗಿಯ ಮಗಳು ತನ್ನ ಹಳೆಯ ಟ್ಯಾಬ್ ಕೊಟ್ಟಳು. ಗೀರು ಬಿದ್ದೀತೆಂದು ದೊಡ್ಡಮ್ಮ ಅದನ್ನು ಟವೆಲಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಬುಧವಾರ ಬರಿಗೈಯಲ್ಲಿ ಮೊಬೈಲ್ ಅಂಗಡಿಗೆ, ಅದರ ಮೇಲೆ ಬರೆಯುವ ಪೆನ್ನು ತರಲು ಹೋದಳು. ಅಂಗಡಿಯವನು ತನ್ನದೇ ಟ್ಯಾಬ್ ಮುಂದಿಟ್ಟ. ಕೂದಲೆಳೆಯಂಥ ಗೆರೆ. ಅಂಗೈ ಊರಿದರೂ ಗಾಜಿನ ಮೇಲೆ ಒಂದು ಕಲೆ ಬೀಳಲಿಲ್ಲ. ಮತ್ತೇನು ಕೇಳುವುದು? ಕೊಂಡಳು.

ಮನೆಯಲ್ಲಿ ಒಂದು ಚುಕ್ಕಿಯೂ ಮೂಡಲಿಲ್ಲ. ಕೊಡವಿದಳು, ಚಾರ್ಜಿಗೆ ಹಾಕಿದಳು, ಅಭ್ಯಾಸಬಲದಿಂದ ಮೊನೆಯನ್ನು ನಾಲಿಗೆಗೂ ತಾಗಿಸಿದಳು.

“ಇದಕ್ಕೂ ಈ ಟ್ಯಾಬಿಗೂ ಆಗಿಬರಲ್ಲ ದೊಡ್ಡಮ್ಮ,” ಎಂದಳು ತಂಗಿಯ ಮಗಳು.

“ಆಗಿಬರದೆ ಇರೋಕೆ ಇವೇನು ಅತ್ತೆ ಸೊಸೆನಾ?”

ಗುರುವಾರ ಟ್ಯಾಬನ್ನೇ ಹೊತ್ತುಕೊಂಡು ಹೋದಳು. ಅಂಗಡಿಯವನು ಅದನ್ನು ತಿರುಗಿಸಿ ನೋಡಿ ತಲೆಯಾಡಿಸಿದ. “ಈ ಮಾಡೆಲ್ಲಿಗೆ ಆ ಪೆನ್ನು ಬರಲ್ಲ ಅಕ್ಕ. ನನ್ನ ಹತ್ರ ಇರೋದ್ರಲ್ಲಿ ರಬ್ಬರ್ ಮೂತಿದು ಒಂದೇ ಬರೋದು.”

“ನಿನ್ನೆ ಯಾಕಪ್ಪ ಹೇಳಲಿಲ್ಲ?”

“ನೀವು ಕೇಳಲಿಲ್ಲ.”

“ಮನೇಲಿ ಯಾವ ಟ್ಯಾಬ್ ಇದೆ ಅಂತ ನೀನೂ ಕೇಳಲಿಲ್ಲವಲ್ಲ.”

ಅವನು ಡಬ್ಬಿಯ ತಳ ತೋರಿಸಿದ. ಯಾವ ಯಾವ ಟ್ಯಾಬಿಗೆ ಹೊಂದುತ್ತದೆ ಎಂಬ ಪಟ್ಟಿ ಅಲ್ಲಿತ್ತು, ರಾಗಿಕಾಳಿಗಿಂತ ಸಣ್ಣ ಅಕ್ಷರದಲ್ಲಿ. ಬಟ್ಟೆಯ ಎಳೆ ಎಣಿಸಬಲ್ಲ ಕಣ್ಣಿಗೂ ಅದು ನಿಲುಕಲಿಲ್ಲ. ಮಾರುವ ಮಾತು ಡಬ್ಬಿಯ ನೆತ್ತಿಯ ಮೇಲೆ ಹೆಬ್ಬೆರಳುದ್ದ, ಕೊಳ್ಳುವವರಿಗೆ ಬೇಕಾದ ಮಾತು ತಳದಲ್ಲಿ ಇರುವೆಸಾಲು. ತಪ್ಪು ಮಾತ್ರ ಕೇಳದೆ ಹೋದವರದು! ಮುಖ ಗಂಟು ಹಾಕಿಕೊಂಡೇ ಅವನು ಪೆನ್ನು ಬದಲಿಸಿಕೊಟ್ಟ.

ರಬ್ಬರ್ ಮೂತಿಯದು ಬರೆಯುತ್ತಿತ್ತು, ಆದರೆ ಹೆಬ್ಬೆರಳಿನಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಅಂಗೈ ಊರಿದರೆ ಎಲೆಯ ಮೇಲೆ ಅಡ್ಡಗೆರೆ. ಕೈ ಊರದೆ ಅವಳು ಈ ಜನ್ಮದಲ್ಲಿ ಗೆರೆ ಎಳೆದವಳಲ್ಲ.

ಶುಕ್ರವಾರ ಬೆಳಿಗ್ಗೆ ಟ್ಯಾಬಿನ ಎರಡೂ ಬದಿಗೆ ದಪ್ಪ ಪುಸ್ತಕಗಳನ್ನಿಟ್ಟು, ಮೇಲೆ ಮರದ ಅಳತೆಪಟ್ಟಿಯನ್ನು ಸೇತುವೆಯಂತೆ ಹಾಕಿ, ಅದರ ಮೇಲೆ ಮಣಿಕಟ್ಟು ಊರಿದಳು. ಒಂದೊಂದು ಎಲೆಯನ್ನೂ ಪರದೆಯ ತುಂಬ ಹಿಗ್ಗಿಸಿ ಬರೆದಳು. ಕಾಗದದಲ್ಲಿ ಒಂದು ಗಂಟೆ ಹಿಡಿಯುವ ಬಳ್ಳಿ ಶನಿವಾರ ಮಧ್ಯಾಹ್ನಕ್ಕೆ ಮುಗಿಯಿತು. ಕಳಿಸಿದಳು.

ಮಾಸ್ತರನ ಫೋನು ಬಂತು. “ಯಂತ್ರ ಓದ್ತು. ನೋಡಿದ್ರಾ, ಎಷ್ಟು ಸಲೀಸು? ಸುಮ್ನೆ ಹೆದರ್ತಿದ್ರಿ. ಸೋಮವಾರ ಇನ್ನೂ ನಾಲ್ಕು ಕಳಿಸಿ.”

ದೊಡ್ಡಮ್ಮ ಊದಿದ ಮಣಿಕಟ್ಟನ್ನು ಎಡಗೈಯಿಂದ ತಿಕ್ಕಿಕೊಂಡಳು. “ಸಲೀಸು ನಿಮಗೆ. ಸೋಮವಾರ ನಾನೇ ಅಲ್ಲಿಗೆ ಬರ್ತೀನಿ. ನಿಮ್ಮ ಟ್ಯಾಬ್, ಅದಕ್ಕೆ ಬರೆಯೋ ಪೆನ್ನು, ಎರಡೂ ನನ್ನ ಮುಂದಿಡಿ. ಬರೆದು ನೋಡಿ ಆಮೇಲೆ ನಾಲ್ಕರ ಮಾತಾಡ್ತೀನಿ.”

ಉತ್ತರಕ್ಕೆ ಕಾಯದೆ ಅವಳೇ ಫೋನು ಇಟ್ಟಳು.