ಒಬ್ಬನೇ ಟ್ರೇನರ್, ಎರಡು ಕುದುರೆ

ಮೊನ್ನೆ ದಾಸರಹಳ್ಳಿ ಮೆಟ್ರೋ ಮೆಟ್ಟಿಲ ಬಳಿ ಹುರಿದ ಕಡಲೆಕಾಯಿ ಕೊಂಡೆ. ಮಾರುವಾಕೆ ಪೊಟ್ಟಣ ಕಟ್ಟಿಕೊಟ್ಟದ್ದು ಕುದುರೆ ರೇಸಿನ ಪುಸ್ತಕದ ಹಾಳೆಯಲ್ಲಿ. ತಿಂದು ಮುಗಿದ ಮೇಲೆ ಪೊಟ್ಟಣ ಬಿಡಿಸಿ ಓದುವುದು ನನ್ನ ಹಳೆಯ ಚಾಳಿ. ಒಂದೇ ಓಟದಲ್ಲಿ ಎರಡು ಕುದುರೆ, ಎರಡಕ್ಕೂ ಒಬ್ಬನೇ ಟ್ರೇನರ್. ಇಷ್ಟು ವರ್ಷಗಳಾದ ಮೇಲೂ ನನಗೆ ಮೈ ಉರಿಯಿತು.

ಕಾರಣ ಹೇಳುತ್ತೇನೆ, ನಗಬೇಡಿ. ಆಗ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ವಿಭಾಗದ ಸೂಪರ್‌ವೈಸರ್. ಷಾಫ್ಟಿನ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುತ್ತಿದ್ದೆ. ಕುದುರೆಯ ವಿಷಯದಲ್ಲಿ ಮಾತ್ರ ಮುಂದು ಯಾವುದು, ಹಿಂದು ಯಾವುದು ಎಂಬುದಕ್ಕಿಂತ ಹೆಚ್ಚು ತಿಳಿಯದು. ಆದರೂ ಒಂದು ಭಾನುವಾರ ನಮ್ಮ ಲೇತ್ ಆಪರೇಟರ್ ರಂಗಣ್ಣನನ್ನು ಕರೆದುಕೊಂಡು ರೇಸಿಗೆ ಹೋದೆ. ಚಿಕ್ಕಬಾಣಾವರದವನು, ಮಾತು ಕಡಿಮೆ. ನನ್ನ ಪಾಂಡಿತ್ಯ ಕೇಳಿಸಿಕೊಳ್ಳಲು ಅಂಥವರೇ ಬೇಕು. ಅಂದು ದೊಡ್ಡ ಹೆಸರಿನ ಟ್ರೇನರೊಬ್ಬನ ಎರಡು ಕುದುರೆಗಳು ಒಂದೇ ಓಟದಲ್ಲಿದ್ದವು. ಎಲ್ಲರೂ ಹೊಗಳುತ್ತಿದ್ದ ಕಪ್ಪು ಕುದುರೆಯ ಮೇಲೆ ಹಣ ಕಟ್ಟಿದೆ. ಅದು ಐದನೆಯದಾಗಿ ಬಂತು. ಅವನದೇ ಇನ್ನೊಂದು, ಯಾರೂ ಲೆಕ್ಕಕ್ಕಿಡದ ಕಂದು ಕುದುರೆ ಗೆದ್ದಿತು. ಟ್ರೇನರ್ ಅದರ ಪಕ್ಕ ನಿಂತು, ಮೊದಲಿನಿಂದ ಇದನ್ನೇ ನಂಬಿದ್ದವನಂತೆ ಫೋಟೋಗೆ ನಕ್ಕ.

ಸೋಮವಾರ ಕ್ಯಾಂಟೀನಿನಲ್ಲಿ ಸಾರು ಆರಿಹೋಗುವವರೆಗೂ ಭಾಷಣ ಮಾಡಿದೆ. ಒಬ್ಬನೇ ಟ್ರೇನರಿನ ಕುದುರೆಗಳನ್ನು ಬಾಜಿಯಲ್ಲಿ ಒಂದೇ ಎಂದು ಎಣಿಸಬೇಕು. ಒಂದರ ಮೇಲೆ ಕಟ್ಟಿದವನಿಗೆ ಇನ್ನೊಂದು ಗೆದ್ದರೂ ಹಣ ಬರಬೇಕು. ಇಲ್ಲದಿದ್ದರೆ ಒಂದನ್ನು ಮುಂದೆ ತೋರಿಸಿ ಇನ್ನೊಂದನ್ನು ಗೆಲ್ಲಿಸಬಹುದಲ್ಲ?

ರಂಗಣ್ಣ ಮಜ್ಜಿಗೆ ಲೋಟ ಕೆಳಗಿಟ್ಟ. “ಅಂಗೆ ಎರಡೂ ಒಂದೇ ಅಂದ್ಬಿಟ್ರೆ, ಗೆದ್ದಿದ್ದು ಯಾವ್ದು ಅಂತ ಯಾರು ಕೇಳ್ತಾರೆ ಸಾರ್?”

“ಯಾಕೆ ಕೇಳ್ಬೇಕು? ತಯಾರು ಮಾಡಿದೋನು ಒಬ್ಬನೇ ಅಲ್ವಾ?” ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ರೇಸ್ ನಡೆಸುವವರಿಗೆ ಎರಡು ಪುಟದ ಕಾಗದ ಬರೆದು, ಸಹಿಯ ಕೆಳಗೆ ‘ಸೂಪರ್‌ವೈಸರ್’ ಎಂದೂ ಸೇರಿಸಿದೆ. ಉತ್ತರ ಬರಲಿಲ್ಲ.

ಅದೇ ವಾರ ಹೊಸ ಗಿರಾಕಿಗೆ ಮಾದರಿ ಷಾಫ್ಟ್ ಮಾಡಿ ತೋರಿಸಬೇಕಿತ್ತು. ಒಂದೊಂದು ಪೀಸ್ ಮಾಡಲು ಇಬ್ಬರನ್ನು ಹಚ್ಚಿದ್ದೆ: ನಂಜುಂಡ ಮತ್ತು ರಂಗಣ್ಣ. ನಂಜುಂಡ ನನ್ನ ನೆಚ್ಚಿನವನು. ಇದು ಅವನಿಂದಲೇ ಆಗುವ ಕೆಲಸ ಎಂದು ಮ್ಯಾನೇಜರಿಗೆ ಮೊದಲೇ ಹೇಳಿಬಿಟ್ಟಿದ್ದೆ. ನಂಜುಂಡನ ಪೀಸ್ ರಿಜೆಕ್ಟ್ ಆಯಿತು, ರಂಗಣ್ಣನದು ಪಾಸಾಯಿತು. ನನ್ನ ಮಾತು ಸುಳ್ಳಾಗಬಾರದಲ್ಲ, ವರದಿಯಲ್ಲಿ ‘ನಮ್ಮ ವಿಭಾಗದವರು ಮಾಡಿದರು’ ಎಂದಷ್ಟೇ ಬರೆದು, ಗಿರಾಕಿಯ ಪಕ್ಕ ಫೋಟೋಗೂ ನಿಂತೆ. ಫೋರ್‌ಮನ್ ಹುದ್ದೆ ಬಂದಾಗ ಅದು ನಂಜುಂಡನಿಗೆ ಹೋಯಿತು. ರಂಗಣ್ಣ ಲೇತಿನ ಮುಂದೆಯೇ ನಿವೃತ್ತನಾದ. ಆ ಟ್ರೇನರನ್ನು ವರ್ಷಗಟ್ಟಲೆ ಬೈದ ನನಗೆ, ನಾನು ಮಾಡಿದ್ದೂ ಅದನ್ನೇ ಎಂದು ಹೊಳೆದದ್ದು ಮೊನ್ನೆ, ಕಡಲೆಕಾಯಿ ಸಿಪ್ಪೆಯ ನಡುವೆ. ತುಂಬ ನಾಚಿಕೆಯಾಯಿತು.

ಅಲ್ಲೇ ಮೆಟ್ಟಿಲ ಮೇಲೆ ಕುಳಿತು ರಂಗಣ್ಣನಿಗೆ ಫೋನ್ ಮಾಡಿದೆ. ನೇರವಾಗಿ ಹೇಳಲು ಧೈರ್ಯ ಸಾಲದೆ ಕುದುರೆಯಿಂದ ಶುರುಮಾಡಿದೆ.

“ನೆನಪೈತೆ ಸಾರ್. ನಾನು ಆ ಕಂದು ಕುದ್ರೆಗೇ ಕಟ್ಟಿದ್ದೆ.”

“ಗೆದ್ದಿದ್ಯಾ? ಹೇಳ್ಲೇ ಇಲ್ವಲ್ಲ ರಂಗಣ್ಣ.”

“ಓಟಕ್ಕೆ ಮುಂಚೆ ಸುತ್ತಾಡಿಸ್ತಾರಲ್ಲ, ಆಗ ನೋಡ್ದೆ. ಕರೀದು ಬೆವರ್ತಿತ್ತು, ಇದು ಸುಮ್ನೆ ನಡೀತಿತ್ತು. ಆಮೇಲೆ ನಿಮ್ ಮುಖ ನೋಡಿ ಗೆದ್ದ ದುಡ್ಡು ಜೇಬಲ್ಲೇ ಇಟ್ಕಂಡೆ.”

ರೇಸಿನ ದಿನ ಸಂಜೆ ಮಸಾಲೆ ದೋಸೆ ಕೊಡಿಸಿದ್ದು ಅವನೇ. ಸೂಪರ್‌ವೈಸರ್ ಮೇಲಿನ ಗೌರವ ಎಂದುಕೊಂಡು ಎರಡು ತಿಂದಿದ್ದೆ.

“ರಂಗಣ್ಣ, ಅವತ್ತು ಪಾಸಾದ ಷಾಫ್ಟ್ ನಿಂದು. ವರದೀಲಿ ನಿನ್ ಹೆಸರು ಬರೀಬೇಕಿತ್ತು, ಬರೀಲಿಲ್ಲ. ನಂದು ತಪ್ಪು.”



“ನಂದು ಅಂತ ನನ್ಗೊತ್ತು ಸಾರ್. ನಿಮ್ಗೆ ಗೊತ್ತೈತೋ ಇಲ್ವೋ ಅಂತ್ಲೇ ಇಷ್ಟು ವರ್ಷ ಯೋಚ್ನೆ ಮಾಡ್ತಿದ್ದೆ.”

ರೇಸಿನವರ ಕಡತದಲ್ಲಿ ನನ್ನ ಎರಡು ಪುಟದ ಕಾಗದ ಇನ್ನೂ ಇದ್ದರೆ ದಯವಿಟ್ಟು ಹರಿದು ಹಾಕಲಿ.