ತಪ್ಪಿದ ದಿನ ಹೇಳು

ನಮ್ಮ ಬಯಾಲಜಿ ಮೇಡಂ ವಾಚನ್ನು ಬಲಗೈಗೆ, ಮುಖ ಅಂಗೈ ಕಡೆಗೆ ಬರುವಂತೆ ಕಟ್ಟುತ್ತಿದ್ದರು. ಪಾಠ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಮಣಿಕಟ್ಟು ತಿರುಗಿಸಿ ನೋಡಿ, ಬೋರ್ಡಿನ ಮೇಲೆ ಅರ್ಧ ಬರೆದ ಪದವನ್ನೂ ಹಾಗೇ ಬಿಟ್ಟು ಕುರ್ಚಿಯಲ್ಲಿ ಕೂತುಬಿಡುವರು. ಆಮೇಲೆ ಹತ್ತು ನಿಮಿಷ ಯಾರೂ ಬರೆಯಬಾರದು, ಓದಬಾರದು. ಅದೇ ಪಾಠವನ್ನು ಮಾರನೆಯ ದಿನ ಕೇಳುವರು, ನಾಲ್ಕನೆಯ ದಿನ ಮತ್ತೆ ಕೇಳುವರು. ಸಿಲಬಸ್ ಮುಗಿಯುವುದಿಲ್ಲವೆಂದು ಹನೂರಿನ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ತಲೆ ಚಚ್ಚಿಕೊಳ್ಳುತ್ತಿದ್ದರು.

ಹೀಗೆ ಸುಮ್ಮನೆ ಯಾಕೆ ಕೂರಿಸ್ತೀರಿ ಅಂತ ಒಂದು ದಿನ ನಾನೇ ಎದ್ದು ಕೇಳಿದೆ. ಧನಗೆರೆಯ ನಮ್ಮ ಮನೆಯಲ್ಲಿ ರೇಷ್ಮೆ ಸಾಕುವುದು ಅವರಿಗೆ ಗೊತ್ತಿತ್ತು. ಪುಸ್ತಕದ ಕನ್ನಡ ಪಕ್ಕಕ್ಕಿಟ್ಟು, "ಲೇ, ಜ್ವರಕ್ಕೆ ಕೂತಿರೋ ಉಳಕ್ಕೆ ಯಾರಾದ್ರೂ ಸೊಪ್ಪು ಆಕ್ತಾರೇನ್ಲಾ?" ಅಂದರು. ಪೊರೆ ಕಳಚುವ ಮುನ್ನ ಹುಳು ತಿನ್ನದೆ, ಅಲುಗದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಮೇಲೆ ಬಿಡಿಸಿ ಹೇಳಿದರು: ಕಿವಿಗೆ ಬಿದ್ದ ಪಾಠ ಮೊದಲು ಮಿದುಳಿನ ನರಕೋಶಗಳ ನಡುವಿನ ಕೊಂಡಿಯನ್ನು ಸ್ವಲ್ಪ ಹೊತ್ತಿಗೆ ಮಾತ್ರ ಬಿಗಿ ಮಾಡುತ್ತದೆ. ಅದು ಉಳಿಯಬೇಕಾದರೆ ಕೋಶದೊಳಗೆ ಜೀನುಗಳು ಎಚ್ಚೆತ್ತು, ಹೊಸ ಪ್ರೋಟೀನು ತಯಾರಾಗಿ, ಹೊಸ ಕೊಂಡಿ ಬೆಳೆಯಬೇಕು. "ಅದಕ್ಕೆ ಟೈಮು ಬೇಕು ಕಣೋ. ಮೇಲೆ ಮೇಲೆ ತುಂಬಿದ್ರೆ ಒಂದೂ ನಿಲ್ಲಲ್ಲ." ನನ್ನ ದಡ್ಡ ತಲೆಯಲ್ಲಿ ಅದು ಇವತ್ತಿಗೂ ನಿಂತಿದೆ.

ನಾನು ಅದೇ ಕಾಲೇಜಿಗೆ ಲೆಕ್ಚರರ್ ಆಗಿ ಸೇರಿದ ಮೇಲೆ ಕೊಳ್ಳೇಗಾಲದಿಂದ ದಿನಾ ಮೇಡಂ, ನಾನು ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವರ ತಾಯಿ ಮರೆವಿನ ಕಾಯಿಲೆ ಬಂದು, ಮಗಳನ್ನೇ "ಯಾರವ್ವ ನೀನು?" ಅಂತ ಕೇಳುತ್ತಾ ತೀರಿಕೊಂಡಿದ್ದರು. ಅಜ್ಜಿಗೂ ಹಾಗೇ ಆಗಿತ್ತಂತೆ. ಮೈಸೂರಿನ ಡಾಕ್ಟರೊಬ್ಬರು ಜೀನ್ ಟೆಸ್ಟ್ ಮಾಡಿಸಿ ನೋಡಬಹುದು ಅಂದರೆ ಮೇಡಂ ಒಪ್ಪಲಿಲ್ಲ.

"ಅಪಾಯ ಜಾಸ್ತಿ ಇದೆ, ಕಮ್ಮಿ ಇದೆ ಅಂತಾರೆ ಅಷ್ಟೆ. ಯಾವಾಗ ಅಂತ ಹೇಳಲ್ಲ. ಅದರ ಬದಲು ನೀನೇ ನನ್ನ ಟೆಸ್ಟ್ ಮಾಡು" ಅಂದರು. ತಿಂಗಳ ಮೊದಲ ಭಾನುವಾರ ಅವರ ಮನೆಗೆ ಹೋಗಿ ನಾನು ಹತ್ತು ಪ್ರಶ್ನೆ ಕೇಳಬೇಕು. "ತಪ್ಪಿದ ದಿನವೇ ಹೇಳಬೇಕು ಕಣೋ. ಮಕ್ಕಳು ನಗೋಕೆ ಮುಂಚೆ ನಾನೇ ಕ್ಲಾಸಿಂದ ಎದ್ದು ಬರಬೇಕು. ಅದೊಂದು ಮರ್ಯಾದೆ ಉಳಿಸು."

ನಾಲ್ಕು ವರ್ಷ ಹೋದೆ, ಕೇಳಿದೆ, ಕಾಫಿ ಕುಡಿದು ಬಂದೆ. ಕೊನೆಯ ಪ್ರಶ್ನೆ, ಕಾಲೇಜಿಗೆ ಹೋಗುವ ದಾರಿ ಹೇಳಿ ಅನ್ನುವುದು. "ಮಧುವನಹಳ್ಳಿ, ಕಾಮಗೆರೆ, ಹನೂರು!" ಅಂತ ಕಂಡಕ್ಟರ್ ಥರ ಕೂಗುವರು. ಒಂದು ಭಾನುವಾರ ಅದೇ ದನಿಯಲ್ಲಿ "ಮಾಂಬಳ್ಳಿ, ಅಗರ, ಯಳಂದೂರು!" ಅಂದರು. ಅದು ಅವರ ತೌರಿನ ದಾರಿ, ಹುಡುಗಿಯಾಗಿದ್ದಾಗ ಓಡಾಡಿದ್ದು.

"ಸರಿಯಾ?" ಅಂತ ನನ್ನ ಮುಖ ನೋಡಿದರು. ಅಯ್ಯೋ, ಹೇಗೆ ಹೇಳಲಿ? "ಸರಿ ಮೇಡಂ" ಅಂದುಬಿಟ್ಟೆ. ಮುಂದಿನ ತಿಂಗಳೂ ಅದನ್ನೇ ಅಂದೆ.

ಪಾಠವನ್ನು ಮತ್ತೆ ಮತ್ತೆ ಕೇಳುವುದು ಅವರ ಪದ್ಧತಿಯೇ ಆದ್ದರಿಂದ ಮಕ್ಕಳಿಗೂ ಬೇಗ ಗೊತ್ತಾಗಲಿಲ್ಲ. ಆದರೆ ಒಂದು ದಿನ ಹತ್ತು ನಿಮಿಷ ಸುಮ್ಮನೆ ಕೂತು ಎದ್ದವರು, ಆಗಷ್ಟೇ ಮಾಡಿದ್ದ ಪಾಠವನ್ನು ಮೊದಲಿಂದ ಶುರು ಮಾಡಿದರು. ಮಕ್ಕಳು ಗೊಳ್ಳೆಂದು ನಕ್ಕರು. ಪಕ್ಕದ ಕ್ಲಾಸಿನಲ್ಲಿದ್ದ ನನಗೂ ಕೇಳಿಸಿತು. ಪ್ರಿನ್ಸಿಪಾಲರು ಬಂದು ಅವರನ್ನು ಕರೆದುಕೊಂಡು ಹೋದರು.

ಸಂಜೆ ನಮ್ಮ ಬಸ್ಸು ಕಾಮಗೆರೆ ದಾಟಿತು. ಆಮೇಲೆ, "ನಿಂಗೆ ಮುಂಚೇನೇ ಗೊತ್ತಿತ್ತೇನೋ?" ಅಂದರು. ನಾನು ತಲೆ ತಗ್ಗಿಸಿದೆ. "ಇದೊಂದು ಕೆಲಸ ಹೇಳಿದ್ದೆನಲ್ಲೋ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅವರು ಯಳಂದೂರಿನಲ್ಲಿ ತಂಗಿಯ ಮನೆ ಸೇರಿದರು. ಮಾಂಬಳ್ಳಿ, ಅಗರ ಈಗ ನನ್ನ ದಾರಿಯಾಯಿತು. ವಾರವೆಲ್ಲ ಪಾಠ ಮಾಡಿ ಸುಸ್ತಾಗಿ, ಸಾಕಪ್ಪ ಅನ್ನಿಸಿದರೂ ಮೊದಲ ಭಾನುವಾರ ತಪ್ಪಿಸಲಿಲ್ಲ. ನನ್ನ ಹೆಸರು ಮರೆತರು, ಬಸ್ಸಿನ ಆ ಸಂಜೆಯನ್ನೂ ಮರೆತರು. ನನಗೆ ಮಾತ್ರ ಮರೆಯಲು ಬರಲಿಲ್ಲ.

ಹೋದ ಆಷಾಢದಲ್ಲಿ ತೀರಿಕೊಂಡರು. ಅದಕ್ಕೆ ಮುಂಚಿನ ಭಾನುವಾರ ಮಂಚದ ಪಕ್ಕ ಕೂತಿದ್ದಾಗ ನನ್ನ ಕೈ ಹಿಡಿದು, "ಯಾರಪ್ಪ ನೀನು?" ಅಂದರು. ಕೈ ಬಿಡದೆ, "ತಪ್ಪಿದ ದಿನ ಹೇಳ್ತೀಯಲ್ಲ?" ಅಂದರು.

"ಹೇಳ್ತೀನಿ ಮೇಡಂ" ಅಂದೆ.